ದಂಡೆಯ ಹಾವು, ಬಿಳಿ ಬಾಯಿ

ಲ್ಯಾರಿ ಮೆಕ್‌ಮರ್ಟ್ರಿಯ ‘ಲೋನ್‌ಸಮ್ ಡವ್’ ಕಾದಂಬರಿ 1985ರಲ್ಲಿ ಬಂತು. ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು, 1989ರಲ್ಲಿ ಟಿವಿಗೂ ಬಂತು. ಟೆಕ್ಸಾಸಿನಿಂದ ಮೊಂಟಾನಾದ ಕಡೆಗೆ ದನದ ಮಂದೆ ಹೊಡೆದುಕೊಂಡು ಹೊರಟ ಗುಂಪಿನಲ್ಲಿ, ಐರ್ಲೆಂಡಿನಿಂದ ಆಗಷ್ಟೇ ಬಂದಿಳಿದ ಒಬ್ಬ ಹುಡುಗನಿದ್ದಾನೆ. ನುಯೇಸಸ್ ನದಿ ದಾಟುವಾಗ ಅವನು ನೀರುಹಾವುಗಳ ಹಿಂಡಿನ ನಡುವೆ ಸಿಕ್ಕಿಬೀಳುತ್ತಾನೆ. ಜೊತೆಯವರು ದಡಕ್ಕೆ ಎಳೆದು ತರುತ್ತಾರೆ, ಆದರೆ ಪ್ರಾಣ ಉಳಿಯುವುದಿಲ್ಲ. ಅಮೆರಿಕದಲ್ಲಿ ಈ ಕಾದಂಬರಿಯ ಬೇರೆ ಯಾವ ಪುಟ ಮರೆತವರಿಗೂ ಈ ಪುಟ ಮರೆತಿಲ್ಲ.

ಅದೇ ದೇಶದ ದಕ್ಷಿಣ ರಾಜ್ಯಗಳಲ್ಲಿ ಇನ್ನೊಂದು ಕಥೆ ಬಹಳ ಕಾಲದಿಂದ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಕೆರೆಯಲ್ಲಿ ದೋಣಿಯ ಹಿಂದೆ ಹಲಗೆ ಕಟ್ಟಿಕೊಂಡು ಜಾರುತ್ತಿದ್ದವನೊಬ್ಬ ಆಯತಪ್ಪಿ ನೀರಿಗೆ ಬಿದ್ದ, ಮುಳ್ಳುತಂತಿ ಚುಚ್ಚಿದ ಹಾಗಿದೆ ಎಂದ, ಮೇಲೆತ್ತಿ ನೋಡಿದರೆ ಮೈತುಂಬ ಹಾವು ಕಚ್ಚಿದ ಗುರುತು. ಕೆರೆಯ ಹೆಸರು ಊರಿಂದೂರಿಗೆ ಬದಲಾಗುತ್ತದೆ, ಸತ್ತವನ ಹೆಸರು ಮಾತ್ರ ಎಲ್ಲೂ ಸಿಗುವುದಿಲ್ಲ. ಕಾದಂಬರಿಯಲ್ಲೂ ದಂತಕಥೆಯಲ್ಲೂ ಆರೋಪಿ ಒಂದೇ: ಕಾಟನ್‌ಮೌತ್. ವಾಟರ್ ಮಾಕಸಿನ್ ಎಂದೂ ಕರೆಯುತ್ತಾರೆ. ನೀರೊಳಗೆ ಗೂಡು ಕಟ್ಟಿ ಗುಂಪಾಗಿ ಬಾಳುವ ಅಭ್ಯಾಸ ಈ ಹಾವಿಗೆ ಇಲ್ಲವೇ ಇಲ್ಲ. ಬೇಸಿಗೆಯಲ್ಲಿ ಹೊಂಡಗಳು ಬತ್ತಿ, ಮೀನುಗಳು ಅಂಗೈಯಗಲದ ನೀರಿನಲ್ಲಿ ಒದ್ದಾಡುವಾಗ ಹತ್ತಾರು ಹಾವುಗಳು ಅಲ್ಲಿಗೆ ಬರುವುದುಂಟು. ಕಥೆಗಳಿಗೆ ಅಷ್ಟು ಆಧಾರ ಸಾಕಾಗಿದ್ದಿರಬೇಕು. ಆದರೆ ಅದು ಮೀನಿನೂಟಕ್ಕೆ ಸೇರಿದ ಪಂಕ್ತಿ. ಮನುಷ್ಯನ ಮೇಲೆ ಹೂಡಿದ ದಂಡಯಾತ್ರೆಯಲ್ಲ.

ಒಂದು ಪ್ರಾಣಿಯ ಬಗ್ಗೆ ಜನ ನಂಬಿರುವುದಕ್ಕೂ ಅದನ್ನು ಕಂಡು ಅಳೆದು ತೂಗಿದವರು ಬರೆದಿಟ್ಟಿರುವುದಕ್ಕೂ ಇಷ್ಟೊಂದು ಅಂತರ ಇರುವುದು ಅಪರೂಪ. ಕಾಟನ್‌ಮೌತ್‌ನ ಜೀವನಚರಿತ್ರೆ ಓದುವಾಗ ಈ ಅಂತರ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ.

ಹೆಸರಿನಿಂದಲೇ ಗೊಂದಲ ಶುರು. ಇಂಗ್ಲಿಷ್ ನಿಸರ್ಗಶಾಸ್ತ್ರಜ್ಞ ಮಾರ್ಕ್ ಕೇಟ್ಸ್‌ಬಿ 18ನೇ ಶತಮಾನದ ಮೊದಲರ್ಧದಲ್ಲಿ ಕ್ಯಾರೊಲೈನಾದ ಜೀವಸಂಕುಲವನ್ನು ಚಿತ್ರಸಹಿತ ದಾಖಲಿಸಿದ. ಅವನ ಪುಸ್ತಕದಲ್ಲಿ ಒಂದು ನೀರುಮಂಡಲವಿದೆ. ಬಾಲದಲ್ಲಿ ಗಿಲಕಿ ಇಲ್ಲದಿದ್ದರೂ ಅಲ್ಲಿನವರು ಅದನ್ನು ನೀರಿನ ಗಿಲಕಿಹಾವು ಎಂದೇ ಕರೆಯುತ್ತಾರೆಂದು ಅವನು ಬರೆದ. 1789ರಲ್ಲಿ ಫ್ರಾನ್ಸಿನ ಲಾಸೆಪೇಡ್ ಇದಕ್ಕೆ ವೈಜ್ಞಾನಿಕ ಹೆಸರು ಕೊಡುವಾಗಲೂ ಅದೇ ಹಾದಿ ಹಿಡಿದು ಗಿಲಕಿಹಾವಿನ ಕುಲಕ್ಕೇ ಸೇರಿಸಿಬಿಟ್ಟ. ಹತ್ತು ವರ್ಷದ ಮೇಲೆ ಅವನ ದೇಶದವನೇ ಆದ ಪಾಲಿಸೋ ದ ಬೋವಾ ‘ಅಗ್ಕಿಸ್ಟ್ರೊಡಾನ್’ ಎಂಬ ಹೊಸ ಕುಲವನ್ನು ಕಟ್ಟಿದ. ಈಗ ಈ ಹಾವು ಆ ಮನೆಯಲ್ಲಿದೆ: ಅಗ್ಕಿಸ್ಟ್ರೊಡಾನ್ ಪಿಸಿವೋರಸ್, ಮೀನು ತಿನ್ನುವ ಕೊಕ್ಕೆಹಲ್ಲಿನ ಹಾವು.

ಆ ಮನೆಗೊಂದು ಕಾಲದಲ್ಲಿ ಪಶ್ಚಿಮಘಟ್ಟದ ನೆಂಟರೂ ಇದ್ದರು. ಕೊಡಗು, ಮಲೆನಾಡಿನ ಕಾಫಿ ತೋಟಗಳಲ್ಲಿ ತರಗೆಲೆಯ ಬಣ್ಣಕ್ಕೆ ಬಣ್ಣ ಬೆರೆಸಿ ಮಲಗುವ, ಮೂತಿಯ ತುದಿ ಮೇಲಕ್ಕೆ ಚೂಪಾಗಿ ಎದ್ದಿರುವ ಹಂಪ್‌ನೋಸ್ಡ್ ಪಿಟ್ ವೈಪರನ್ನು ಹಳೆಯ ಪುಸ್ತಕಗಳು ಇದೇ ಕುಲದಲ್ಲಿ ಇರಿಸಿದ್ದವು. ಹೋವರ್ಡ್ ಗ್ಲಾಯ್ಡ್ ಮತ್ತು ರಾಜರ್ ಕೋನಂಟ್ ಜೀವಮಾನದ ದುಡಿಮೆಯನ್ನು ಸುರಿದು 1990ರಲ್ಲಿ ಪ್ರಕಟಿಸಿದ ಮಹಾಗ್ರಂಥ ಈ ಇಡೀ ಬಳಗವನ್ನು, ಏಷ್ಯದ ಸದಸ್ಯರ ಸಮೇತ, ಒಟ್ಟಿಗೆ ಎದುರಿಗಿಟ್ಟುಕೊಂಡು ನೋಡುತ್ತದೆ. ಏಷ್ಯದ ಹಾವುಗಳೆಲ್ಲ ಈಗ ಬೇರೆ ಬೇರೆ ಕುಲಗಳಿಗೆ ಹೋಗಿವೆ. ಆದರೂ ಹಿರಿಯರ ಎಣಿಕೆ ಪೂರ್ತಿ ಸುಳ್ಳಾಗಿರಲಿಲ್ಲ. ಗುಳಿಮಂಡಲಗಳ, ಅಂದರೆ ಪಿಟ್ ವೈಪರ್‌ಗಳ, ಮೂಲ ಏಷ್ಯ. ಸೈಬೀರಿಯಕ್ಕೂ ಅಲಾಸ್ಕಕ್ಕೂ ನಡುವೆ ನೆಲದ ಸೇತುವೆ ಇದ್ದ ಕಾಲದಲ್ಲಿ ದಾಟಿಹೋದ ಪೂರ್ವಜರ ಸಂತತಿಯೇ ಅಮೆರಿಕದ ಗಿಲಕಿಹಾವು, ಕಾಪರ್‌ಹೆಡ್, ಕಾಟನ್‌ಮೌತ್ ಎಲ್ಲವೂ. 2015ರಲ್ಲಿ ವಂಶವಾಹಿಗಳನ್ನು ಹೋಲಿಸಿ ನೋಡಿದ ಸಂಶೋಧಕರು ಕಾಟನ್‌ಮೌತನ್ನೇ ಎರಡು ಪ್ರಭೇದ ಮಾಡಿದರು. ಫ್ಲಾರಿಡಾ ಭಾಗದ್ದು ಈಗ ಕೋನಂಟ್ ಹೆಸರಿನ ಪ್ರಭೇದ. ಈ ಲೇಖನದ ಮಟ್ಟಿಗೆ ಎರಡನ್ನೂ ಒಂದೇ ಹೆಸರಿನಲ್ಲಿ ಕರೆದರೆ ತೊಂದರೆಯಿಲ್ಲ, ಬಾಳುವ ರೀತಿಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ.

ವರ್ಜೀನಿಯಾದ ಆಗ್ನೇಯ ಮೂಲೆಯಿಂದ ಕೆಳಗಿಳಿದು ಫ್ಲಾರಿಡಾ ಪೂರ್ತಿ, ಅಲ್ಲಿಂದ ಪಶ್ಚಿಮಕ್ಕೆ ಟೆಕ್ಸಾಸಿನ ನಡುಭಾಗದವರೆಗೆ, ಮಿಸಿಸಿಪಿ ನದಿಯ ಬಯಲು ಹಿಡಿದು ಮೇಲಕ್ಕೆ ಇಲಿನಾಯ್ ರಾಜ್ಯದ ದಕ್ಷಿಣ ತುದಿಯವರೆಗೆ ಇದರ ಸೀಮೆ. ಜೌಗು, ತೊರೆ, ಭತ್ತದ ಗದ್ದೆಯ ಕಾಲುವೆ, ಸೈಪ್ರೆಸ್ ಮರಗಳು ಮೊಣಕಾಲುದ್ದ ನೀರಲ್ಲಿ ನಿಂತ ಕಪ್ಪು ಕೊಳ, ಕಡಲ ಹಿನ್ನೀರು, ಎಲ್ಲವೂ ಸರಿ. ಸಾಮಾನ್ಯವಾಗಿ ಎರಡರಿಂದ ಮೂರು ಅಡಿ ಬೆಳೆಯುತ್ತದೆ. ದಾಖಲಾದ ಅತಿ ಉದ್ದದ್ದು ಸುಮಾರು 188 ಸೆಂಟಿಮೀಟರ್. ಉದ್ದಕ್ಕಿಂತ ಗಾತ್ರವೇ ಮೊದಲು ಕಣ್ಣಿಗೆ ಬೀಳುವುದು: ಮೂರಡಿಯ ಹಾವು ಮನುಷ್ಯನ ತೋಳಿನಷ್ಟು ದಪ್ಪ ಇರುತ್ತದೆ. ಮರಿಯಾಗಿದ್ದಾಗ ಕಂದು ಮೈಮೇಲೆ ಎದ್ದು ಕಾಣುವ ಪಟ್ಟೆಗಳು. ವಯಸ್ಸಾದಂತೆ ಪಟ್ಟೆ ಮಾಸಿ, ಕೊನೆಗೆ ಹುದುಲಿನಲ್ಲಿ ಬಿದ್ದ ಕೊರಡಿನ ಬಣ್ಣ.

ಇದನ್ನು ನೀರಿನ ಹಾವು ಅನ್ನುವುದಕ್ಕಿಂತ ದಂಡೆಯ ಹಾವು ಅನ್ನುವುದು ಸರಿ. ನೀರಿಲ್ಲದ ಕಡೆ ಬಹುದಿನ ಕಾಣಸಿಗದು, ನಿಜ. ಆದರೆ ಬಿಸಿಲು ಕಾಯುವುದು, ಹೊಂಚು ಹಾಕುವುದು, ಮರಿ ಹಾಕುವುದು, ಚಳಿಗಾಲ ಕಳೆಯುವುದು ಎಲ್ಲವೂ ನೆಲದ ಮೇಲೆ. ಸೀಮೆಯ ಉತ್ತರದ ತುದಿಯಲ್ಲಿ ಇದು ಇನ್ನೂ ಸ್ಪಷ್ಟ. ಇಲಿನಾಯ್‌ನ ಶಾನಿ ರಾಷ್ಟ್ರೀಯ ಅರಣ್ಯದಲ್ಲಿ ಒಂದು ಕಡೆ ಸುಣ್ಣಕಲ್ಲಿನ ಕಡಿದಾದ ಬಂಡೆಸಾಲು, ಇನ್ನೊಂದು ಕಡೆ ಲಾರೂ ಜೌಗು, ನಡುವೆ ಸುಮಾರು 4 ಕಿಲೋಮೀಟರಿನ ಕಚ್ಚಾ ರಸ್ತೆ. ಚಳಿ ಶುರುವಾಗುವ ಮುಂಚೆ ಹಾವುಗಳು ಜೌಗು ಬಿಟ್ಟು ಬಂಡೆಯ ಬಿರುಕುಗಳಿಗೆ ಹೊರಡುತ್ತವೆ, ವಸಂತದಲ್ಲಿ ಅದೇ ದಾರಿಯಲ್ಲಿ ಹಿಂತಿರುಗುತ್ತವೆ. ವಾಹನಗಳ ಚಕ್ರಕ್ಕೆ ಸಿಕ್ಕಿ ಸಾಯುವ ಹಾವುಗಳನ್ನು ಕಂಡು ಅರಣ್ಯ ಇಲಾಖೆ 1972ರಿಂದ ಈ ರಸ್ತೆಯನ್ನು ವರ್ಷಕ್ಕೆರಡು ಬಾರಿ, ಪ್ರತಿಸಲ ಸುಮಾರು ಎರಡು ತಿಂಗಳು ಮುಚ್ಚುತ್ತ ಬಂದಿದೆ. ನಡೆದು ಹೋಗುವವರಿಗೆ ಅಡ್ಡಿಯಿಲ್ಲ. ಜಗತ್ತಿನ ಎಷ್ಟೋ ಕಡೆಯಿಂದ ಜನ ಕ್ಯಾಮೆರಾ ಹಿಡಿದು ಬರುತ್ತಾರೆ, ಅವರು ನೋಡಲು ಬರುವ ಮುಖ್ಯ ಪಾತ್ರಧಾರಿಗಳಲ್ಲಿ ಕಾಟನ್‌ಮೌತ್ ಒಂದು. ಮನುಷ್ಯರ ಕಾಲ ಬುಡದಲ್ಲೇ ಹಾವುಗಳು ಓಡಾಡುವ ಈ ರಸ್ತೆಯಲ್ಲಿ ಹಾವು ಅಟ್ಟಿಸಿಕೊಂಡು ಬಂತೆಂಬ ಕಥೆಗಳಿಗೆ ಮಾರುಕಟ್ಟೆ ಕಡಿಮೆ.

ಹಾಗಾದರೆ ಉಳಿದೆಡೆ ಅಷ್ಟೊಂದು ಕಥೆಗಳು ಹುಟ್ಟಿದ್ದು ಹೇಗೆ? ಅರ್ಧ ಉತ್ತರ ಬೇರೆ ಹಾವುಗಳಲ್ಲಿದೆ. ಅದೇ ನೀರಿನಲ್ಲಿ ನೆರೋಡಿಯಾ ಎಂಬ ಕುಲದ ಹಲವು ವಿಷವಿಲ್ಲದ ನೀರುಹಾವುಗಳಿವೆ. ನಮ್ಮ ಗದ್ದೆ, ಬಾವಿಗಳ ನೀರೊಳ್ಳೆಯ ಹಾಗೆಯೇ ಮುಂಗೋಪಿಗಳು: ಹಿಡಿದರೆ ಕಚ್ಚುತ್ತವೆ, ತಲೆ ಚಪ್ಪಟೆ ಮಾಡಿ ಅಗಲಿಸಿ ಮಂಡಲದ ವೇಷ ಹಾಕುತ್ತವೆ. ನೀರಿನ ಮೇಲೆ ಚಾಚಿದ ಕೊಂಬೆಗಳಲ್ಲಿ ಬಿಸಿಲು ಕಾಯುತ್ತ ಮಲಗಿ, ದೋಣಿ ಹತ್ತಿರ ಬಂದರೆ ಗಾಬರಿಯಿಂದ ಕೆಳಗೆ ಬೀಳುವುದು ಹೆಚ್ಚಾಗಿ ಇವೇ. ಕಾಟನ್‌ಮೌತ್ ಮರದಿಂದ ದೋಣಿಗೆ ಹಾರಿತು ಎನ್ನುವ ವರದಿಗಳ ಮೂಲ ಅಲ್ಲಿದೆ. ಬೆಸ್ತರು ಹುಟ್ಟಿನಿಂದ ಬಡಿದು ಕೊಂದು, ವಿಷದ ಹಾವು ಕೊಂದೆವೆಂದು ಹೇಳಿಕೊಳ್ಳುವ ಹೆಣಗಳಲ್ಲಿ ಬಹುಪಾಲು ಬಡಪಾಯಿ ನೆರೋಡಿಯಾಗಳದ್ದು.

ಗುರುತಿಸುವುದು ಕಷ್ಟವೇನಲ್ಲ. ನೆರೋಡಿಯಾ ಈಜುವಾಗ ಮೈ ನೀರೊಳಗೆ, ತಲೆ ಮಾತ್ರ ಮೇಲೆ. ಕಾಟನ್‌ಮೌತ್ ತನ್ನ ಇಡೀ ಮೈಯನ್ನು ಬೆಂಡಿನಂತೆ ನೀರ ಮೇಲೆ ತೇಲಿಸಿ, ತಲೆಯನ್ನು ಓರೆಯಾಗಿ ಎತ್ತಿ ಹಿಡಿದು ಸಾಗುತ್ತದೆ. ಕಣ್ಣಿನ ಪಾಪೆ ಬೆಕ್ಕಿನದರಂತೆ ಉದ್ದಸೀಳು, ಕಣ್ಣಿನ ಹಿಂದಕ್ಕೆ ಕಪ್ಪು ಪಟ್ಟಿ, ಬಾಲದ ಅಡಿಯಲ್ಲಿ ಬಹುಪಾಲು ಒಂದೇ ಸಾಲಿನ ಹುರುಪೆ. ಕೊನೆಯ ಲಕ್ಷಣವನ್ನು ನೋಡಿಯೇ ತೀರ್ಮಾನಿಸುತ್ತೇನೆ ಎಂದು ಬಗ್ಗುವವರಿಗೆ ಬುದ್ಧಿ ಹೇಳುವುದು ಕಷ್ಟ.

ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಇರುವ ಗುಳಿ ಈ ವಂಶಕ್ಕೆ ಹೆಸರು ಕೊಟ್ಟ ಅಂಗ. ಅದು ವಾಸನೆಗೋ ಕಿವಿಗೋ ಎಂದು ಬಹುಕಾಲ ಊಹೆಗಳು ನಡೆದವು. 1937ರಲ್ಲಿ ನೋಬಲ್ ಮತ್ತು ಶ್ಮಿಟ್ ಎಂಬಿಬ್ಬರು ಪ್ರಯೋಗ ಮಾಡಿ, ಬಿಸಿ ಗುರುತಿಸುವುದೇ ಅದರ ಕೆಲಸ ಎಂದು ತೋರಿಸಿಕೊಟ್ಟರು. ಗುಳಿಯೊಳಗೆ ಅಡ್ಡಲಾಗಿ ಬಿಗಿದ ತೆಳು ಪೊರೆ ಇದೆ. ಎದುರಿನ ಇಲಿಯ ಮೈಶಾಖಕ್ಕೆ ಪೊರೆ ಸೂಜಿಮೊನೆಯಷ್ಟು ಬಿಸಿಯಾದರೂ ನರ ಮಿಡಿಯುತ್ತದೆ. ಈ ಮಿಡಿತದ ಹಿಂದಿರುವ ಅಣುವನ್ನು ಗಿಲಕಿಹಾವಿನಲ್ಲಿ 2010ರಲ್ಲಿ ಪತ್ತೆ ಮಾಡಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಡೇವಿಡ್ ಜೂಲಿಯಸ್ ತಂಡ. ಮನುಷ್ಯರ ಚರ್ಮದಲ್ಲಿ ಬಿಸಿ ತಿಳಿಸುವ ಅಣುವನ್ನು ಕಂಡುಹಿಡಿದದ್ದಕ್ಕೆ ಅವರಿಗೆ 2021ರ ನೊಬೆಲ್ ಬಂತು.

ಇಲ್ಲೊಂದು ವಿಚಿತ್ರವಿದೆ. ಮೀನು, ಕಪ್ಪೆಗಳ ಮೈ ತಾವಿರುವ ನೀರಿನಷ್ಟೇ ತಣ್ಣಗೆ. ಅಂಥ ಬೇಟೆಗೆ ಶಾಖದ ಗುಳಿ ಏನು ಸಹಾಯ ಮಾಡೀತು? ಹೆಚ್ಚೇನೂ ಇಲ್ಲ. ಹಾವು ಅಲ್ಲಿ ಕಣ್ಣು, ನಾಲಗೆ, ನೀರಿನ ಅಲುಗಾಟವನ್ನು ನಂಬುತ್ತದೆ. ಕಚ್ಚುವ ಕ್ರಮವನ್ನೂ ಬದಲಿಸುತ್ತದೆ. ಇಲಿಯನ್ನು ಕಚ್ಚಿದರೆ ತಕ್ಷಣ ಬಿಟ್ಟು, ವಿಷ ಏರಿ ಸತ್ತ ಮೇಲೆ ವಾಸನೆ ಹಿಡಿದು ಹುಡುಕಿಕೊಂಡು ಹೋಗುತ್ತದೆ. ಇಲಿಯ ಹಲ್ಲು ಚೂಪು, ಹಿಡಿದುಕೊಂಡಿದ್ದರೆ ತನಗೇ ಗಾಯ. ಮೀನನ್ನು, ಕಪ್ಪೆಯನ್ನು ಕಚ್ಚಿದರೆ ಬಿಡುವುದೇ ಇಲ್ಲ, ಬಿಟ್ಟರೆ ನೀರು ವಾಸನೆಯನ್ನು ಅಳಿಸಿಬಿಡುತ್ತದೆ. ನೀರೊಳಗೆ ಈ ಹಾವು ಕಚ್ಚಲಾರದು ಎಂಬ ಇನ್ನೊಂದು ನಂಬಿಕೆ ಹೇಗೆ ಬಂತೋ ಗೊತ್ತಿಲ್ಲ. ಮೀನು ಹಿಡಿಯುವ ಪ್ರಾಣಿಗೆ ನೀರಲ್ಲಿ ಬಾಯಿ ತೆರೆಯಲು ಬಾರದಿದ್ದರೆ ಅದು ಎಂದೋ ಉಪವಾಸ ಸತ್ತಿರುತ್ತಿತ್ತು.

ಮರಿಗಳ ಬಾಲದ ತುದಿ ಹಳದಿ, ಕೆಲವೊಮ್ಮೆ ಹಸಿರು ಬೆರೆತ ಹಳದಿ. ಮೈಯನ್ನು ಸುರುಳಿ ಸುತ್ತಿ ಅಲುಗಾಡದೆ ಕೂತು, ಬಾಲದ ತುದಿಯನ್ನಷ್ಟೇ ಹುಳುವಿನಂತೆ ಹೊರಳಿಸುತ್ತವೆ. ಹುಳುವೆಂದು ಬಂದ ಪುಟ್ಟ ಕಪ್ಪೆ, ಹಲ್ಲಿಗೆ ಹಿಂತಿರುಗಲು ಸಮಯ ಇರುವುದಿಲ್ಲ. ಮೇಲೆ ಹೇಳಿದ ಪಶ್ಚಿಮಘಟ್ಟದ ನೆಂಟನಿಗೂ ಇದೇ ಕಸುಬು ಗೊತ್ತು. ಕಾಟನ್‌ಮೌತ್ ಬೆಳೆದಂತೆ ಬಾಲದ ಹಳದಿ ಅಳಿಯುತ್ತದೆ, ಬೇಟೆಯ ಪಟ್ಟಿ ಉದ್ದವಾಗುತ್ತದೆ. ಮೀನು, ಕಪ್ಪೆ, ಸಾಲಮಾಂಡರ್, ಹಲ್ಲಿ, ಚಿಕ್ಕ ಆಮೆ, ಹಕ್ಕಿ, ಮೊಟ್ಟೆ, ಇಲಿ, ಮೊಲದ ಮರಿ, ಆ್ಯಲಿಗೇಟರ್ ಮರಿ, ಬೇರೆ ಹಾವುಗಳು, ಕೆಲವೊಮ್ಮೆ ತನ್ನ ಜಾತಿಯದೇ ಸಣ್ಣ ಹಾವು. ಮೀನು ತಿನ್ನುವ ಹಾವು ಎಂದು ಹೆಸರಿಟ್ಟ ಲಾಸೆಪೇಡ್‌ಗೆ ಈ ಪಟ್ಟಿ ಸಿಕ್ಕಿದ್ದರೆ ಬೇರೆ ಹೆಸರು ಹುಡುಕುತ್ತಿದ್ದನೋ ಏನೋ. ಸತ್ತದ್ದೂ ಆಗುತ್ತದೆ. ರಸ್ತೆಯಲ್ಲಿ ಚಕ್ರಕ್ಕೆ ಸಿಕ್ಕಿ ಬಿದ್ದ ಪ್ರಾಣಿಯನ್ನು ನುಂಗುವ ಕಾಟನ್‌ಮೌತ್‌ಗಳನ್ನು ಹಲವರು ದಾಖಲಿಸಿದ್ದಾರೆ. ಹಾವು ಜೀವಂತ ಬೇಟೆಯನ್ನಷ್ಟೇ ಮುಟ್ಟುತ್ತದೆ ಎಂದು ಕಲಿತವರಿಗೆ ಇದನ್ನು ಒಪ್ಪುವುದು ಕಷ್ಟ.

ಈ ಹೊಟ್ಟೆಪಾಡಿನ ಅತ್ಯಂತ ಸೊಗಸಾದ ಉದಾಹರಣೆ ಫ್ಲಾರಿಡಾದ ಪಶ್ಚಿಮ ಕರಾವಳಿಯ ಸೀಹಾರ್ಸ್ ಕೀ ಎಂಬ ದ್ವೀಪದ್ದು. ಹಳೆಯದೊಂದು ದೀಪಸ್ತಂಭ, ಫ್ಲಾರಿಡಾ ವಿಶ್ವವಿದ್ಯಾಲಯದ ಒಂದು ಕಡಲ ಪ್ರಯೋಗಶಾಲೆ, ಮರಗಳು, ಉಪ್ಪುಗಾಳಿ. ಸಿಹಿನೀರಿನ ಕೆರೆ, ತೊರೆ ಯಾವುದೂ ಇಲ್ಲ. ಆದರೆ ನೂರಾರು ಕಾಟನ್‌ಮೌತ್. ಚಾರ್ಲ್ಸ್ ವಾರ್ಟನ್ 1969ರಲ್ಲಿ ಪ್ರಕಟಿಸಿದ ಅಧ್ಯಯನ ಅವುಗಳ ಊಟದ ಗುಟ್ಟು ಬಿಡಿಸಿತು. ವಸಂತದಲ್ಲಿ ಹೆಜ್ಜಾರ್ಲೆ, ಬೆಳ್ಳಕ್ಕಿ, ಬಿಳಿ ಕೆಂಬರಲು, ನೀರುಕಾಗೆಗಳು ಸಾವಿರಾರು ಸಂಖ್ಯೆಯಲ್ಲಿ ಬಂದು ಗೂಡು ಕಟ್ಟುತ್ತಿದ್ದವು. ಮರಿಗಳಿಗೆ ಉಣಿಸುವಾಗ ಮೀನು ಜಾರಿ ಕೆಳಗೆ ಬೀಳುತ್ತಿತ್ತು. ಹಾವುಗಳು ಗೂಡಿನ ಮರಗಳ ಬುಡದಲ್ಲಿ ಸೇರಿ ಬಿದ್ದ ಮೀನನ್ನು ಆರಿಸಿ ತಿನ್ನುತ್ತಿದ್ದವು, ಗೂಡಿನಿಂದ ಬಿದ್ದ ಮರಿ ಸಿಕ್ಕರೆ ಅದನ್ನೂ. ಹಕ್ಕಿಗಳಿಗೂ ಲಾಭವಿಲ್ಲದೆ ಇರಲಿಲ್ಲ. ಮರ ಹತ್ತಿ ಮೊಟ್ಟೆ ಕದಿಯುವ ಇಲಿ, ರಕೂನ್‌ಗಳಿಗೆ ಅಂಥ ಮರದ ಬುಡ ಒಳ್ಳೆಯ ಜಾಗವಾಗಿರಲಿಲ್ಲ.

ಅದೇ ವಿಶ್ವವಿದ್ಯಾಲಯದ ಹಾರ್ವೆ ಲಿಲ್ಲಿವೈಟ್ ಮತ್ತು ಅವರ ಶಿಷ್ಯರು ಈ ದ್ವೀಪದಲ್ಲಿ ವರ್ಷಗಟ್ಟಲೆ ದುಡಿದಿದ್ದಾರೆ. ಸುತ್ತ ಕಡಲಿದ್ದರೂ ಈ ಹಾವುಗಳು ಬಾಯಾರಿದಾಗಲೂ ಕಡಲ ನೀರನ್ನು ಕುಡಿಯುವುದಿಲ್ಲ, ಮಳೆ ಬರುವವರೆಗೆ ಕಾಯುತ್ತವೆ ಎಂಬುದು ಅವರು ತಿಳಿದ ಸಂಗತಿಗಳಲ್ಲಿ ಒಂದು. 2015ರ ವಸಂತದಲ್ಲಿ ದೊಡ್ಡ ಆಘಾತ ಬಂತು. ಹಕ್ಕಿಗಳೆಲ್ಲ ಕೆಲವೇ ದಿನಗಳಲ್ಲಿ, ಗೂಡಲ್ಲಿದ್ದ ಮೊಟ್ಟೆಗಳ ಸಮೇತ, ದ್ವೀಪವನ್ನು ತೊರೆದವು. ರೋಗವೇ, ವಿಮಾನಗಳ ಸದ್ದೇ, ರಕೂನ್‌ಗಳೇ ಎಂದೆಲ್ಲ ತನಿಖೆ ನಡೆಯಿತು, ಒಂದು ಕಾರಣದ ಮೇಲೆ ಬೆರಳಿಡಲು ಆಗಲಿಲ್ಲ. ಹಲವು ಹಕ್ಕಿಗಳು ಹತ್ತಿರದ ಸ್ನೇಕ್ ಕೀ ಎಂಬ ದ್ವೀಪಕ್ಕೆ ಹೋದವು. ಹೆಸರಿಗೆ ತಕ್ಕಂತೆ ಅಲ್ಲೂ ಕಾಟನ್‌ಮೌತ್ ಇದ್ದವು, ಅವುಗಳಿಗೆ ಅನಿರೀಕ್ಷಿತ ಸುಗ್ಗಿ. ಲಿಲ್ಲಿವೈಟ್ ಸೇರಿದ ತಂಡ 2020ರಲ್ಲಿ ಎರಡೂ ದ್ವೀಪಗಳ ಹಾವುಗಳನ್ನು ಹೋಲಿಸಿ ಪ್ರಬಂಧ ಬರೆಯಿತು. ಊಟ ಕಳೆದುಕೊಂಡ ಸೀಹಾರ್ಸ್ ಕೀಯ ಹಾವುಗಳಲ್ಲಿ ಒತ್ತಡಕ್ಕೆ ದೇಹ ಸ್ಪಂದಿಸುವ ಶಕ್ತಿಯೇ ಕುಂದಿತ್ತು, ರೋಗನಿರೋಧಕ ವ್ಯವಸ್ಥೆಯೂ ಬದಲಾಗಿತ್ತು. ಮನುಷ್ಯ ಬೇಕೆಂದರೂ ಏರ್ಪಡಿಸಲಾಗದ ಪ್ರಯೋಗವನ್ನು ಹಕ್ಕಿಗಳು ಮಾಡಿಟ್ಟು ಹೋದವು.

ಸಂತಾನದ ವಿಷಯದಲ್ಲಿ ಇದು ಉಳಿದ ಬಹುಪಾಲು ಗುಳಿಮಂಡಲಗಳಂತೆ ಮೊಟ್ಟೆಯಿಡದೆ ಮರಿ ಹಾಕುತ್ತದೆ. ಒಂದು ಸಲಕ್ಕೆ ಸಾಮಾನ್ಯವಾಗಿ ಆರೆಂಟು ಮರಿ, ಬೇಸಿಗೆಯ ಕೊನೆಗೆ ಹುಟ್ಟುತ್ತವೆ. ಹೆಣ್ಣು ಅನೇಕ ಕಡೆ ಎರಡು ವರ್ಷಕ್ಕೊಮ್ಮೆ ಮಾತ್ರ ಗರ್ಭ ಧರಿಸುತ್ತದೆ. ಹೆಣ್ಣಿಗಾಗಿ ಗಂಡುಗಳು ಮೈಗೆ ಮೈ ಹೆಣೆದು, ಮುಂಭಾಗ ಎತ್ತಿ, ಒಂದನ್ನೊಂದು ನೆಲಕ್ಕೆ ಒತ್ತುವ ಕುಸ್ತಿ ಆಡುತ್ತವೆ. ಹಲ್ಲು ಬಳಸುವುದಿಲ್ಲ. ಇಷ್ಟರವರೆಗೆ ಆಶ್ಚರ್ಯವಿಲ್ಲ. ಆಶ್ಚರ್ಯ ಬಂದದ್ದು 2012ರಲ್ಲಿ. ಟಲ್ಸಾ ವಿಶ್ವವಿದ್ಯಾಲಯದ ವಾರನ್ ಬೂತ್ ಮತ್ತು ಸಂಗಡಿಗರು, ಕಾಡಿನಿಂದ ಹಿಡಿದು ತಂದ ಗರ್ಭಿಣಿ ಹಾವುಗಳ ಮರಿಗಳ ವಂಶವಾಹಿ ಪರೀಕ್ಷಿಸಿದಾಗ, ಒಂದು ಕಾಪರ್‌ಹೆಡ್ ಮತ್ತು ಒಂದು ಕಾಟನ್‌ಮೌತ್‌ನ ಮರಿಗಳಲ್ಲಿ ತಂದೆಯ ಪಾಲೇ ಇರಲಿಲ್ಲ. ಗಂಡಿನ ಸಂಪರ್ಕವಿಲ್ಲದ ಹುಟ್ಟು ಮೃಗಾಲಯದ ಹಾವುಗಳಲ್ಲಿ ಅದಕ್ಕೂ ಮುಂಚೆ ಗೊತ್ತಿತ್ತು, ಗಂಡೇ ಸಿಗದ ಪಂಜರದ ವಿಕೃತಿ ಎಂದು ತಳ್ಳಿಹಾಕಲಾಗಿತ್ತು. ಇಲ್ಲಿ ಸುತ್ತಮುತ್ತ ಗಂಡುಗಳಿದ್ದ ಕಾಡಿನಲ್ಲೇ ನಡೆದಿತ್ತು.

ವಿಷವಿದ್ದರೂ ಶತ್ರುಗಳಿಗೆ ಕೊರತೆಯಿಲ್ಲ. ಕೊಕ್ಕರೆ, ಆ್ಯಲಿಗೇಟರ್, ನೀರುನಾಯಿ, ದೊಡ್ಡ ಮೀನು ಎಲ್ಲವೂ ತಿನ್ನುತ್ತವೆ. ಒಪೊಸಮ್ ಎಂಬ ಹೊಟ್ಟೆಚೀಲದ ಪ್ರಾಣಿಗೆ ಗುಳಿಮಂಡಲಗಳ ವಿಷ ತಟ್ಟುವುದು ತೀರ ಕಡಿಮೆ, ಅದರ ರಕ್ತದಲ್ಲಿ ವಿಷ ಕಟ್ಟಿಹಾಕುವ ಪ್ರೋಟೀನುಗಳಿವೆ. ಕಿಂಗ್‌ಸ್ನೇಕ್ ಎಂಬ ವಿಷವಿಲ್ಲದ ಹಾವಿಗೂ ಅಂಥದೇ ರಕ್ಷಣೆ. ನಮ್ಮಲ್ಲಿ ಕಾಳಿಂಗ ಸರ್ಪ ಬೇರೆ ಹಾವುಗಳನ್ನು ನುಂಗುವಂತೆ ಅದು ಇವನ್ನು ನುಂಗುತ್ತದೆ. ಮನುಷ್ಯನೆದುರು ಬಾಯಿ ತೆರೆದು ಅಬ್ಬರಿಸುವ ಕಾಟನ್‌ಮೌತ್ ಕಿಂಗ್‌ಸ್ನೇಕ್‌ನ ವಾಸನೆ ಬಡಿದರೆ ಬೇರೆಯೇ ಪ್ರಾಣಿ. ತಲೆಯನ್ನು ನೆಲಕ್ಕೆ ಒತ್ತಿ ಅಡಗಿಸಿ, ನಡುಮೈಯನ್ನು ಕಮಾನಿನಂತೆ ಎತ್ತಿ, ಬಂದದ್ದನ್ನು ಅದರಿಂದ ತಳ್ಳಲು ನೋಡುತ್ತದೆ. ಇಲ್ಲಿ ಕಚ್ಚಿ ಪ್ರಯೋಜನವಿಲ್ಲ ಎಂಬುದು ಅದರ ವಂಶಕ್ಕೆ ಗೊತ್ತಿದೆ.

ಇನ್ನು ಆ ಅಬ್ಬರ. ಕಾಟನ್‌ಮೌತ್‌ಗೆ ಕಾಲಿನ ಸದ್ದು ಕೇಳಿ ಓಡಿಹೋಗುವ ಅವಕಾಶ ತಪ್ಪಿದರೆ, ಅದು ಸುರುಳಿ ಸುತ್ತಿ, ಬಾಲ ಅದುರಿಸಿ, ತಲೆ ಹಿಂದಕ್ಕೆಳೆದು ಬಾಯಿಯನ್ನು ಪೂರ್ತಿ ತೆರೆದು ನಿಲ್ಲುತ್ತದೆ. ಮೈಯೆಲ್ಲ ಕೆಸರು ಬಣ್ಣ, ಬಾಯಿಯೊಳಗೆ ಹತ್ತಿಯಷ್ಟು ಬಿಳುಪು. ಜೊತೆಗೆ ಬಾಲದ ಬುಡದಿಂದ ಗಬ್ಬು ವಾಸನೆ. ಇದನ್ನು ಕಂಡವರು ಹಾವು ಏರಿ ಬಂತು ಎನ್ನುತ್ತಾರೆ. ಏರಿಬರುವ ಹಾವು ಇಷ್ಟು ಹೊತ್ತು ಬಾಯಿ ತೆರೆದುಕೊಂಡು ಕೂರುವುದಿಲ್ಲ ಎಂಬ ಸರಳ ಸಂಗತಿ ಆ ಗಳಿಗೆಯಲ್ಲಿ ಯಾರ ತಲೆಗೂ ಹೊಳೆಯದು.

ಸೌತ್ ಕ್ಯಾರೊಲೈನಾದ ಸವಾನಾ ನದಿಯ ಪರಿಸರ ಪ್ರಯೋಗಶಾಲೆಯ ವಿಟ್ ಗಿಬ್ಬನ್ಸ್, ಡೇವಿಡ್‌ಸನ್ ಕಾಲೇಜಿನ ಮೈಕೆಲ್ ಡಾರ್ಕಸ್ ಜೊತೆಗೂಡಿ ಈ ಪ್ರಶ್ನೆಯನ್ನು ನೇರವಾಗಿ ಹಾವಿಗೇ ಕೇಳಿದರು. ಹಲ್ಲು ನಾಟದ ಬೂಟು ತೊಟ್ಟು ಜೌಗಿಗಿಳಿದು, ಕಂಡ ಹಾವಿನ ಪಕ್ಕ ನಿಲ್ಲುವುದು, ಮೆಲ್ಲಗೆ ಅದರ ಮೇಲೆ ಕಾಲಿಡುವುದು, ಕೊನೆಗೆ ಕೃತಕ ಕೈಯಿಂದ ನಡುಮೈ ಹಿಡಿದು ಎತ್ತುವುದು. 2002ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: 45 ಹಾವುಗಳಲ್ಲಿ 23 ತಪ್ಪಿಸಿಕೊಳ್ಳಲು ನೋಡಿದವು. ಬೆದರಿಕೆಯ ಆಟ ತೋರಿಸಿದವು ಬಹಳ, 36ರಲ್ಲಿ 28. ಕೈಯಲ್ಲಿ ಹಿಡಿದು ಮೇಲೆತ್ತಿದಾಗಲೂ ಕೃತಕ ಕೈಯನ್ನು ಕಚ್ಚಿದ್ದು 36ರಲ್ಲಿ 13 ಮಾತ್ರ. ಹಿಡಿದು ಎತ್ತಿದಾಗಲೂ ಮೂರರಲ್ಲಿ ಎರಡರಷ್ಟು ಕಚ್ಚದ ಹಾವನ್ನು ಆಕ್ರಮಣಕಾರಿ ಎನ್ನಲು ಬೇರೆ ಭಾಷೆಯೇ ಬೇಕು. ಈ ಅಂಕಿಗಳನ್ನು ಓದಿ ಮುಟ್ಟಲು ಹೋಗಬೇಕೆಂದು ಯಾರೂ ಹೇಳುತ್ತಿಲ್ಲ. 13 ಸಣ್ಣ ಸಂಖ್ಯೆ, ಆದರೆ ಸೊನ್ನೆಯಲ್ಲ.

ಕಚ್ಚಿದರೆ ಆಗುವುದೇನು? ಈ ವಿಷ ನಾಗರಹಾವಿನದರ ಹಾಗೆ ನರಕ್ಕೆ ಹೊಡೆಯುವಂಥದಲ್ಲ. ರಕ್ತನಾಳದ ಗೋಡೆ ಕರಗಿಸುವ ಕಿಣ್ವಗಳು, ರಕ್ತ ಹೆಪ್ಪುಗಟ್ಟುವ ಕ್ರಮ ಕೆಡಿಸುವ ಕಿಣ್ವಗಳು, ಸ್ನಾಯು ಕೊಲ್ಲುವ ಫಾಸ್ಫೋಲಿಪೇಸ್‌ಗಳು ಅದರಲ್ಲಿವೆ. ಉರಿ, ಬಾವು, ನೀರುಗುಳ್ಳೆ, ಕೆಲವರಲ್ಲಿ ಕಚ್ಚಿದ ಜಾಗದ ಮಾಂಸ ಕೊಳೆತು ಬೆರಳು ಕಳೆದುಕೊಳ್ಳುವುದು. 1984ರಲ್ಲಿ ಇದೇ ವಿಷದಲ್ಲಿ ಸಂಶೋಧಕರು ಒಂದು ವಿಲಕ್ಷಣ ಫಾಸ್ಫೋಲಿಪೇಸ್ ಕಂಡರು. ಕೆಲಸ ಮಾಡಬೇಕಾದ ಜಾಗದಲ್ಲಿ ಒಂದು ಅಮೈನೊ ಆಮ್ಲ ಬದಲಾಗಿ ಕೂತಿತ್ತು. ಕಿಣ್ವವಾಗಿ ನಿಷ್ಪ್ರಯೋಜಕವಾದರೂ ಇಂಥವು ಸ್ನಾಯುವನ್ನು ಬೇರೆ ದಾರಿಯಲ್ಲಿ ಹಾಳುಮಾಡುತ್ತವೆ ಎಂದು ಮುಂದೆ ತಿಳಿಯಿತು. ಹಲವು ಮಂಡಲಗಳ ವಿಷದಲ್ಲಿ ಇದೇ ಬಗೆಯ ಪ್ರೋಟೀನು ಸಿಕ್ಕಿತು.

ಅಮೆರಿಕದಲ್ಲಿ ವರ್ಷಕ್ಕೆ ಏಳೆಂಟು ಸಾವಿರ ಜನಕ್ಕೆ ವಿಷದ ಹಾವು ಕಚ್ಚುತ್ತದೆ, ಸಾಯುವವರು ಐದರ ಆಸುಪಾಸು. ಅವರಲ್ಲಿ ಕಾಟನ್‌ಮೌತ್ ಪಾಲು ಅತ್ಯಲ್ಪ. 2000ದಲ್ಲಿ ಅಲ್ಲಿ ಅನುಮತಿ ಪಡೆದ ಕ್ರೋಫ್ಯಾಬ್ ಎಂಬ ಪ್ರತಿವಿಷವನ್ನು ತಯಾರಿಸಲು ಕುರಿಗಳಿಗೆ ಚುಚ್ಚುವ ನಾಲ್ಕು ವಿಷಗಳಲ್ಲಿ ಒಂದು ಕಾಟನ್‌ಮೌತ್‌ನದೇ, ಉಳಿದ ಮೂರು ಗಿಲಕಿಹಾವಿನವು. ಒಂದೊಂದು ಸೀಸೆಗೂ ಸಾವಿರಾರು ಡಾಲರ್. ಭಾರತದ ಲೆಕ್ಕ ಇದಕ್ಕೆ ತಿರುಗುಮುರುಗು. 2020ರ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ ಇಲ್ಲಿ ವರ್ಷಕ್ಕೆ ಸರಾಸರಿ 58,000 ಸಾವು. ನಮ್ಮ ಪ್ರತಿವಿಷ ಅಗ್ಗ, ಆದರೆ ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕಷ್ಟೇ. ಕಾಫಿ ತೋಟದ ಆ ಮೂಗು ಚೂಪಿನ ಗುಳಿಮಂಡಲ ಕಚ್ಚಿ ಮೂತ್ರಪಿಂಡ ಕೈಕೊಟ್ಟರೂ ಕೊಡಲು ಅದಕ್ಕೆಂದೇ ಮಾಡಿದ ಮದ್ದಿಲ್ಲ. ದೂರದ ಅಮೆರಿಕದ ನೆಂಟನ ವಿಷಕ್ಕೆ ಮದ್ದಿದೆ, ಹಿತ್ತಲಿನ ಹಾವಿನ ವಿಷಕ್ಕಿಲ್ಲ. ಅದರ ಹಿಂದಿರುವುದು ವಿಜ್ಞಾನದ ಕೊರತೆಗಿಂತ ಹೆಚ್ಚಾಗಿ ಖರ್ಚು ಮಾಡುವವರ ಕೊರತೆ.

ಈ ಎರಡು ಲೋಕಗಳ ನಡುವೆ ಓಡಾಡಿದ ಒಬ್ಬರಿದ್ದಾರೆ. ರೋಮುಲಸ್ ವಿಟೇಕರ್ 1960ರ ದಶಕದಲ್ಲಿ ಬಿಲ್ ಹಾಸ್ಟ್ ನಡೆಸುತ್ತಿದ್ದ ಮಯಾಮಿಯ ಸರ್ಪಶಾಲೆಯಲ್ಲಿ ಕೆಲಸ ಮಾಡಿ, ಫ್ಲಾರಿಡಾದ ಜೌಗುಗಳಲ್ಲಿ ಹಾವು ಹಿಡಿದವರು. ಆಮೇಲೆ ಚೆನ್ನೈಯಲ್ಲಿ ಹಾವಿನ ಉದ್ಯಾನ ಕಟ್ಟಿದರು, ಹಾವು ಹಿಡಿಯುವುದರಲ್ಲಿ ನುರಿತ ಇರುಳ ಬುಡಕಟ್ಟಿನವರ ಸಹಕಾರ ಸಂಘಕ್ಕೆ ಬೆನ್ನೆಲುಬಾದರು, 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ತೆರೆದರು. 2017ರಲ್ಲಿ ಈ ಸಂಬಂಧ ತಿರುಗಿ ಹರಿಯಿತು. ಎವರ್‌ಗ್ಲೇಡ್ಸ್‌ನಲ್ಲಿ ಬೀಡುಬಿಟ್ಟ ಬರ್ಮಾ ಹೆಬ್ಬಾವುಗಳನ್ನು ಹುಡುಕಿಕೊಡಲು ತಮಿಳುನಾಡಿನ ಇಬ್ಬರು ಇರುಳರು ಫ್ಲಾರಿಡಾಕ್ಕೆ ಹೋದರು, ಯಂತ್ರಗಳಿಗೆ ಕಾಣದ ಹೆಬ್ಬಾವುಗಳನ್ನು ಜಾಡು ನೋಡಿ ಹಿಡಿದುಕೊಟ್ಟರು.

ಸಾಕುಪ್ರಾಣಿಯ ವ್ಯಾಪಾರದಲ್ಲಿ ಬಂದು ತಪ್ಪಿಸಿಕೊಂಡ ಆ ಹೆಬ್ಬಾವುಗಳಿಗೂ ಕಾಟನ್‌ಮೌತ್‌ನ ಇವತ್ತಿನ ಸ್ಥಿತಿಗೂ ನಂಟಿದೆ. ಒಟ್ಟಾರೆ ನೋಡಿದರೆ ಈ ಹಾವು ಅಳಿವಿನಂಚಿನಲ್ಲಿಲ್ಲ, ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಚಿಂತೆಯಿಲ್ಲದ ಸಾಲಿನಲ್ಲೇ ಇದೆ. ಸೀಮೆಯ ಅಂಚುಗಳಲ್ಲಿ ಮಾತ್ರ ಪರಿಸ್ಥಿತಿ ಬೇರೆ. ಜೌಗು ಬತ್ತಿಸಿ ಹೊಲ ಮಾಡಿದ ಇಂಡಿಯಾನಾ ರಾಜ್ಯದಲ್ಲಿ ಅದು ಅಪಾಯದಲ್ಲಿರುವ ಪ್ರಾಣಿ. ಚರ್ಮದ ಮೇಲೆ ಹುಣ್ಣೆಬ್ಬಿಸುವ ಶಿಲೀಂಧ್ರ ರೋಗ ಅಮೆರಿಕದ ಹಲವು ಹಾವುಗಳ ಜೊತೆ ಇದಕ್ಕೂ ತಗುಲಿದೆ. ಹೆಬ್ಬಾವುಗಳು ಏಷ್ಯದಿಂದ ತಮ್ಮ ಶ್ವಾಸಕೋಶದೊಳಗೇ ಹೊತ್ತು ತಂದ ಒಂದು ಪರೋಪಜೀವಿ ಇನ್ನೊಂದು. ಹೆಸರು ರೈಲಿಯೆಟಿಯೆಲ್ಲಾ ಓರಿಯೆಂಟಾಲಿಸ್, ನೋಡಲು ಹುಳುವಿನಂತಿದ್ದರೂ ಸೀಗಡಿ, ಏಡಿಗಳ ದೂರದ ಸಂಬಂಧಿ. ಹಾವಿನ ಹಿಕ್ಕೆಯ ಜೊತೆ ಅದರ ಮೊಟ್ಟೆ ಹೊರಬೀಳುತ್ತದೆ, ಕೀಟಗಳ ಹೊಟ್ಟೆ ಸೇರುತ್ತದೆ, ಕೀಟವನ್ನು ಕಪ್ಪೆ, ಹಲ್ಲಿ ತಿನ್ನುತ್ತವೆ, ಅವನ್ನು ಸ್ಥಳೀಯ ಹಾವುಗಳು ತಿನ್ನುತ್ತವೆ. ಸಿಕ್ಕಿದ್ದನ್ನೆಲ್ಲ ನುಂಗುವ ಕಾಟನ್‌ಮೌತ್ ದಕ್ಷಿಣ ಫ್ಲಾರಿಡಾದಲ್ಲಿ ಸೋಂಕು ಕಂಡ ಸ್ಥಳೀಯ ಪ್ರಭೇದಗಳಲ್ಲಿ ಒಂದು. 2019ರ ಹೊತ್ತಿಗೆ ಈ ಪರೋಪಜೀವಿ, ಹೆಬ್ಬಾವುಗಳಿರುವ ಪ್ರದೇಶಕ್ಕೆ ನೂರಾರು ಕಿಲೋಮೀಟರ್ ಉತ್ತರದಲ್ಲಿರುವ ವಲೂಶಿಯಾ ಕೌಂಟಿಯ ಪುಟ್ಟ ಗಿಲಕಿಹಾವುಗಳ ಶ್ವಾಸಕೋಶದಲ್ಲಿ ಸಿಕ್ಕಿತ್ತು. ಅಷ್ಟು ದೂರ ಬರಲು ಅದಕ್ಕೆ ಹೆಬ್ಬಾವು ಬೇಕಾಗಿರಲಿಲ್ಲ, ಕಪ್ಪೆ, ಹಲ್ಲಿಗಳೂ ಅವನ್ನು ತಿನ್ನುವ ಸ್ಥಳೀಯ ಹಾವುಗಳೂ ಸಾಕಾಗಿದ್ದವು.